ಬಣ್ಣ ಬಳಿದ ಜನತಾ: ಹಳೇ ಎಚ್‌ಎಂಟಿ ವಾಚು ಅಸಲಿಯೋ, ನಕಲಿಯೋ?

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಹಳೆಯ ಮನೆಗಳಲ್ಲಿ ಬೀರು ತಡಕಿದರೆ ಒಂದು ಎಚ್‌ಎಂಟಿ ವಾಚು ಸಿಕ್ಕರೂ ಸಿಗಬಹುದು. ಮದುವೆಯಲ್ಲಿ ಮಾವ ಅಳಿಯನಿಗೆ ಕೊಟ್ಟಿದ್ದು, ಮೊದಲ ಸಂಬಳದಲ್ಲಿ ಮೇಷ್ಟ್ರು ಕೊಂಡಿದ್ದು, ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ತಂದಿದ್ದು. ನಿಂತುಹೋಗಿ ಎಷ್ಟೋ ವರ್ಷವಾಗಿರುತ್ತದೆ. ಅಂಥ ವಾಚನ್ನು ಹಳೇ ಸಾಮಾನಿನವರು ಪುಡಿಗಾಸಿಗೆ ಕೊಂಡು ಹೋಗುತ್ತಾರೆ. ಮುಂದೊಂದು ದಿನ ಅಂಥದ್ದೇ ವಾಚು ಕೆಂಪೋ ಹಸಿರೋ ಡಯಲ್ ಹೊತ್ತು, 'ಅಪರೂಪದ ವಿಂಟೇಜ್, ಮಿಲಿಟರಿ ಪೀಸ್' ಅನ್ನುವ ಹೆಸರಿನಲ್ಲಿ ನಮ್ಮ ಮೊಬೈಲಿಗೇ ಜಾಹೀರಾತಾಗಿ ಬರುತ್ತದೆ. ಬೆಲೆ ಮಾತ್ರ ಸಾವಿರಗಳಲ್ಲಿ.

ಅಗ್ಗಕ್ಕೆ ಮಾರಿಕೊಳ್ಳುವವರೂ ನಮ್ಮವರೇ, ದುಬಾರಿ ಕೊಟ್ಟು ಮೋಸ ಹೋಗುವವರೂ ನಮ್ಮವರೇ. ಈ ಎರಡೂ ನಷ್ಟ ತಪ್ಪಿಸಿಕೊಳ್ಳಲು ಭೂತಗನ್ನಡಿಗಿಂತ ಮೊದಲು ಬೇಕಾಗಿರುವುದು ಆ ವಾಚಿನ ಚರಿತ್ರೆ. ಅದು ಗೊತ್ತಿದ್ದರೆ ಅರ್ಧ ಸುಳ್ಳು ಅಲ್ಲೇ ಬಯಲಾಗುತ್ತದೆ.

ಬೆಂಗಳೂರು, ತುಮಕೂರು, ನಮ್ಮೂರು

ಸ್ವಾತಂತ್ರ್ಯಕ್ಕೆ ಮೊದಲು ನಮ್ಮಲ್ಲಿ ಕೈಗಡಿಯಾರ ಎಂದರೆ ಪರದೇಶದ್ದು. ವೆಸ್ಟ್ ಎಂಡ್, ಫಾವ್ರ್ ಲೂಬಾ ಮುಂತಾದ ಸ್ವಿಸ್ ಹೆಸರುಗಳು ಉಳ್ಳವರ ಕೈಗೆ ಮಾತ್ರ ಎಟುಕುತ್ತಿದ್ದವು. 1953ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್ ಸ್ಥಾಪಿಸಿತು. ಎಚ್‌ಎಂಟಿ ಅಂದರೆ ಅದೇ. ಆರಂಭದಲ್ಲಿ ಅಲ್ಲಿ ತಯಾರಾಗುತ್ತಿದ್ದದ್ದು ಲೇತ್‌ನಂಥ ದೊಡ್ಡ ಯಂತ್ರಗಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ಕೆಲಸ ಶುರುವಾಯಿತು. ಮೊದಲ ವಾಚುಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. ಆರಂಭದ ಕೆಲವು ವಾಚುಗಳ ಮೇಲೆ ಸಿಟಿಜನ್ ಹೆಸರೂ ಇತ್ತು.

ಆಮೇಲೆ ಬಂದ ಹೆಸರುಗಳು ನಮ್ಮ ಹಿರಿಯರಿಗೆ ಬಾಯಿಪಾಠ: ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್, ಕಾಂಚನ್, ಹೆಂಗಸರಿಗೆ ಸುಜಾತಾ, ನೂತನ್. ದೃಷ್ಟಿಯಿಲ್ಲದವರಿಗೆ ಮುಟ್ಟಿ ನೋಡುವ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತು. 1978ರಲ್ಲಿ ತುಮಕೂರಿನಲ್ಲಿ ಕಾರ್ಖಾನೆ ಬಂತು. ಶ್ರೀನಗರದ ಜೈನಾಕೋಟ್‌ನಲ್ಲಿ, ಹಿಮಾಲಯದ ತಪ್ಪಲಿನ ರಾಣಿಬಾಗ್‌ನಲ್ಲಿ ಕೂಡ ಘಟಕಗಳಿದ್ದವು. ಕಡೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವವರಿಗೆ ತುಮಕೂರು ದಾರಿಯಲ್ಲೇ ಸಿಗುವ ಊರು. ಅಂದರೆ ಇದು ನಮಗೆ ದೂರದ ಕಂಪನಿಯಾಗಿರಲಿಲ್ಲ.

1984ರಲ್ಲಿ ಟೈಟನ್ ಹುಟ್ಟಿತು. ಹೊಸೂರಿನ ಕಾರ್ಖಾನೆಯಿಂದ ಕೀ ಕೊಡಬೇಕಿಲ್ಲದ ತೆಳ್ಳನೆಯ ಕ್ವಾರ್ಟ್ಜ್ ವಾಚುಗಳು ಬಂದವು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ ಓಟದಲ್ಲಿ ಹಿಂದೆ ಬಿತ್ತು. ಮೊಬೈಲ್ ಬಂದಮೇಲೆ ಸಮಯ ನೋಡಲು ವಾಚೇ ಬೇಡವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ 100 ಎಕರೆಗೂ ಹೆಚ್ಚು ಜಾಗ ಇಸ್ರೋಗೆ ಹೋಯಿತು.

ಮುಚ್ಚುವ ಸುದ್ದಿ ಹಬ್ಬಿದಾಗಲೇ ಜನ ಎಚ್‌ಎಂಟಿ ಮಳಿಗೆಗಳಿಗೆ ಮುಗಿಬಿದ್ದರು. ಇದ್ದಾಗ ಯಾರಿಗೂ ಬೇಡವಾಗಿದ್ದು ಇಲ್ಲವಾದಾಗ ಎಲ್ಲರಿಗೂ ಬೇಕಾಯಿತು. ಬೇಡಿಕೆ ಇದ್ದಲ್ಲಿ ಬಣ್ಣ ಬಳಿಯುವವರೂ ಇರುತ್ತಾರೆ. ಕೆಟ್ಟ ವಾಚುಗಳನ್ನು ರಾಶಿ ಲೆಕ್ಕದಲ್ಲಿ ಕೊಳ್ಳುವುದು, ಬಿಚ್ಚುವುದು, ಒಂದರ ಯಂತ್ರ ಇನ್ನೊಂದರ ಕೇಸಿಗೆ ಹಾಕುವುದು, ಡಯಲ್ ಉಜ್ಜಿ ಹೊಸ ಬಣ್ಣ ಕೊಡುವುದು. ಇದೇ ಒಂದು ದಂಧೆಯಾಯಿತು. ಸ್ವಿಸ್ ವಾಚುಗಳ ವಿಷಯದಲ್ಲಿ ಈ ಕೆಲಸ ಎಷ್ಟು ಹೆಸರಾಗಿದೆ ಎಂದರೆ, ವಿದೇಶದ ಸಂಗ್ರಾಹಕರು ಇಂಥ ಕಲಬೆರಕೆ ಮಾಲಿಗೆ 'ಮುಂಬೈ ಸ್ಪೆಷಲ್' ಅಂತಲೇ ಕರೆಯುತ್ತಾರೆ.

ಇಸವಿಯೇ ಸಾಕ್ಷಿ ಹೇಳುತ್ತದೆ

ಮಾರುವವರ ಮಾತನ್ನು ಮೊದಲು ಇಸವಿಗಳ ಮುಂದೆ ನಿಲ್ಲಿಸಿ. 'ಎರಡನೇ ಮಹಾಯುದ್ಧದ ಕಾಲದ ಎಚ್‌ಎಂಟಿ' ಎಂದರೆ ಅಲ್ಲಿಗೇ ಮಾತು ಮುಗಿಯಿತು. ಯುದ್ಧ ಮುಗಿದದ್ದು 1945ರಲ್ಲಿ, ಎಚ್‌ಎಂಟಿ ವಾಚು ಬಂದದ್ದು 1961ರಲ್ಲಿ. '1950ರ ಜನತಾ' ಎಂಬುದೂ ಅಷ್ಟೇ.

'ಅರವತ್ತರ ದಶಕದ್ದು' ಎಂದು ಕೊಟ್ಟ ವಾಚಿನ ಸೆಕೆಂಡ್ ಮುಳ್ಳು ಸೆಕೆಂಡಿಗೊಮ್ಮೆ ಟಕ್ ಎಂದು ನೆಗೆಯುತ್ತಿದ್ದರೆ ಒಳಗಿರುವುದು ಸೆಲ್ಲು. ಆಗ ಎಚ್‌ಎಂಟಿಯಲ್ಲಿ ಸೆಲ್ಲಿನ ವಾಚೇ ಇರಲಿಲ್ಲ. ಕೀ ಕೊಡುವ ವಾಚಿನ ಮುಳ್ಳು ಹರಿಯುವಂತೆ ಸಾಗುತ್ತದೆ.

ಡಯಲ್ ಮೇಲೆ ಎಚ್‌ಎಂಟಿ ಎಂದೂ 'ಸ್ವಿಸ್ ಮೇಡ್' ಎಂದೂ ಇದ್ದರೆ ಅದು ಬರೆದವರ ಕೈಚಳಕ. ಎಚ್‌ಎಂಟಿಯ ನಂಟು ಜಪಾನಿನದು. ಅನೇಕ ಎಚ್‌ಎಂಟಿಗಳ ಮೇಲೆ ಕಾಣುವ 'ಪ್ಯಾರಾಶಾಕ್' ಎಂಬ ಪದವೂ ಸಿಟಿಜನ್‌ದೇ. ಬಿದ್ದರೂ ಯಂತ್ರ ಕೆಡದಂತೆ ಕಾಯುವ ಈ ವ್ಯವಸ್ಥೆಯನ್ನು ಸಿಟಿಜನ್ 1956ರಲ್ಲಿ ತಂದಿತು. ಹಾಗಾಗಿ ಮೇಲೆ ಸ್ವಿಸ್ ಹೆಸರಿದ್ದು ಒಳಗಿನ ಯಂತ್ರದ ಮೇಲೆ ಎಚ್‌ಎಂಟಿ ಎಂದಿದ್ದರೆ ಅದು ಎರಡು ವಾಚುಗಳ ಕಸಿ.

'17 ಜ್ಯೂವೆಲ್ಸ್, ಒಳಗೆ ರತ್ನ ಇದೆ' ಎಂದು ಬೆಲೆ ಏರಿಸುವವರೂ ಇದ್ದಾರೆ. ಅವು ಚಕ್ರಗಳ ಮೊನೆ ಸವೆಯದಂತೆ ಕೂರಿಸಿದ, ಕಾರ್ಖಾನೆಯಲ್ಲೇ ತಯಾರಾದ ಕೆಂಪು ಹರಳುಗಳು. ಯಂತ್ರಕ್ಕೆ ಅವು ಬೇಕೇ ಬೇಕು, ಚಿನಿವಾರರ ಅಂಗಡಿಯಲ್ಲಿ ಅವಕ್ಕೆ ಬೆಲೆಯಿಲ್ಲ.

ಹೊರಗೆ ಏನು ನೋಡಬೇಕು?

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಆ ಕಡೆಯ ರೈತರು ರಾಸು ನೋಡುವಾಗ ಕೋಡು, ಮೈಕಟ್ಟು, ಗೊರಸು ನೋಡುತ್ತಾರೆ. ಕೋಡಿಗೆ ಬಣ್ಣ ಬಳಿದ ಮಾತ್ರಕ್ಕೆ ಯಾವ ಎತ್ತೂ ಅಮೃತಮಹಲ್ ಆಗುವುದಿಲ್ಲ. ವಾಚಿಗೂ ಅದೇ ಕಣ್ಣು ಬೇಕು.

ಡಯಲ್ ಮೇಲಿನ ಅಕ್ಷರಗಳನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಕಾರ್ಖಾನೆಯ ಅಚ್ಚು ತೆಳುವಾಗಿ, ಅಂಚು ಚೂಪಾಗಿ ಇರುತ್ತದೆ. ಮತ್ತೆ ಬಳಿದ ಡಯಲ್‌ನಲ್ಲಿ ಅಕ್ಷರ ಉಬ್ಬಿರುತ್ತದೆ, ಸಾಲು ಸೊಟ್ಟಗಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂಡುವುದಿಲ್ಲ. ಬಣ್ಣ ಇದೆ ಎಂದ ಮಾತ್ರಕ್ಕೆ ನಕಲಿ ಅಲ್ಲ, ಎಚ್‌ಎಂಟಿಯೇ ಹಲವು ಬಣ್ಣದ ಡಯಲ್ ಮಾಡಿದೆ. ದೇವನಾಗರಿ ಅಂಕಿಗಳ ಜನತಾ ಕೂಡ ನಿಜವಾಗಿಯೂ ಇತ್ತು. ಸಂಶಯ ಪಡಬೇಕಾದ್ದು ಬಣ್ಣವನ್ನಲ್ಲ, ಅಚ್ಚನ್ನು.

ವಯಸ್ಸಿನ ಹೊಂದಾಣಿಕೆ ನೋಡಿ. ಕೇಸಿನ ಮೂಲೆ ಸವೆದು ಒಳಗಿನ ಹಿತ್ತಾಳೆ ಹಳದಿ ಕಾಣುತ್ತಿದೆ, ಮುಳ್ಳು ಮಂಕಾಗಿದೆ, ಡಯಲ್ ಮಾತ್ರ ನಿನ್ನೆ ತಂದಂತೆ ಫಳಫಳ ಅನ್ನುತ್ತಿದೆ ಎಂದರೆ ಅದು ಬೇರೆ ಕಡೆಯಿಂದ ಬಂದದ್ದು, ಇಲ್ಲವೇ ಮೊನ್ನೆ ಬಳಿದದ್ದು. ಒಂದೇ ಮನೆಯಲ್ಲಿ ಒಟ್ಟಿಗೆ ಬದುಕಿದ ಭಾಗಗಳು ಒಟ್ಟಿಗೇ ಮುಪ್ಪಾಗುತ್ತವೆ.

ಹಿಂದಿನ ಮುಚ್ಚಳ ತೆಗೆಸದೆ ದುಡ್ಡು ಎಣಿಸಬೇಡಿ. ಯಂತ್ರದ ಮೇಲೆ ಎಚ್‌ಎಂಟಿ ಗುರುತು ಇದೆಯೇ? ಯಂತ್ರ ಕೇಸಿನಲ್ಲಿ ಬಿಗಿಯಾಗಿ ಕೂತಿದೆಯೇ, ಅಥವಾ ಪ್ಲಾಸ್ಟಿಕ್ ಚೂರು, ಕಾಗದ ತುರುಕಿ ನಿಲ್ಲಿಸಿದ್ದಾರೆಯೇ? ಕಾಂಚನ್ ಆಟೊಮ್ಯಾಟಿಕ್ ವಾಚು, ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುತ್ತದೆ. ಅದರೊಳಗೆ ಅರ್ಧಚಂದ್ರದಂಥ ತೂಕದ ತುಂಡು ತಿರುಗಬೇಕು. ಅದಿಲ್ಲದಿದ್ದರೆ ಕಾಂಚನ್ ಎಂಬುದು ಡಯಲ್ ಮೇಲಿನ ಮಾತು ಮಾತ್ರ. ಮುಚ್ಚಳ ತೆಗೆಯಲು ಒಪ್ಪದವರ ಹತ್ತಿರ ವ್ಯಾಪಾರವೇ ಬೇಡ. ಫೋಟೋ ನೋಡಿ ಕೊಳ್ಳುವುದಾದರೆ ಒಳಗಿನ ಫೋಟೋ ಕೇಳಿ.

ರಿಪೇರಿ ಬೇರೆ, ಸುಳ್ಳು ಬೇರೆ

ಇಲ್ಲೊಂದು ಮಾತು ಹೇಳಲೇಬೇಕು. ಹೊಲ, ತೋಟ, ರೈಲು, ಶಾಲೆ ಅಂತ ದಶಕಗಟ್ಟಲೆ ದುಡಿದ ವಾಚು ಹುಟ್ಟಿದಾಗ ಇದ್ದಂತೆಯೇ ಇರಲು ಸಾಧ್ಯವಿಲ್ಲ. ಗಾಜು ಬದಲಾಗಿರುತ್ತದೆ, ಪಟ್ಟಿ ಬದಲಾಗಿರುತ್ತದೆ, ಕೀ ತಿರುಪು, ಸ್ಪ್ರಿಂಗ್ ಬದಲಾಗಿರುತ್ತವೆ. ನಮ್ಮ ಪೇಟೆಗಳ ಗಡಿಯಾರ ರಿಪೇರಿಯವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮಾಡಿದ ಈ ಕೆಲಸ ಮೋಸವಲ್ಲ, ವಾಚಿನ ಆಯಸ್ಸು. 'ಗಾಜು ಹೊಸದು, ಡಯಲ್ ಮತ್ತೆ ಬಳಿಸಿದ್ದು' ಎಂದು ಹೇಳಿ ತಕ್ಕ ಬೆಲೆಗೆ ಮಾರಿದರೆ ಅದೂ ಪ್ರಾಮಾಣಿಕ ವ್ಯಾಪಾರವೇ. ಅದನ್ನೇ 'ಕಾರ್ಖಾನೆಯಿಂದ ಬಂದ ಹಾಗೇ ಇದೆ' ಎಂದಾಗ ನಕಲಿ ಶುರುವಾಗುತ್ತದೆ.

ಬಣ್ಣ ಬಳಿದಾಗ ಕೊಂಡವರ ದುಡ್ಡು ಮಾತ್ರ ಹೋಗುವುದಿಲ್ಲ. ಅಳಿಸಿದ ಡಯಲ್ ಮತ್ತೆ ಬರುವುದಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಆ ಕೆಲಸಕ್ಕೆ ಉಳಿದಿರುವ ಸಾಕ್ಷಿ ನಮ್ಮ ಮನೆಗಳ ಬೀರುವಿನಲ್ಲಿದೆ.

ಆದ್ದರಿಂದ ಮನೆಯಲ್ಲಿ ಹಳೇ ವಾಚಿದ್ದರೆ ನೀರಿನಲ್ಲಿ ತೊಳೆಯಬೇಡಿ, ಪಾಲಿಶ್ ಹಾಕಿಸಬೇಡಿ, ಹಳದಿಗಟ್ಟಿದ ಡಯಲ್ ಹಾಗೇ ಇರಲಿ. ಬಿಲ್ಲು, ಡಬ್ಬಿ ಸಿಕ್ಕರೆ ಜೊತೆಗೇ ಇಡಿ. ಯಾರದು, ಯಾವ ವರ್ಷದ್ದು, ಎಲ್ಲಿ ಕೊಂಡದ್ದು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಮಾರುವುದಿದ್ದರೆ ನಂಬಿಕೆಯ ರಿಪೇರಿಯವರಿಗೆ ಒಮ್ಮೆ ತೋರಿಸಿ, ಎರಡು ಮೂರು ಕಡೆ ಬೆಲೆ ಕೇಳಿ, ಆಮೇಲೆ ಮಾರಿ. ಯಾವ ವ್ಯಾಪಾರಿಯೂ ಬಳಿದು ಕೊಡಲಾಗದ್ದು ಆ ಚೀಟಿಯಲ್ಲಿರುತ್ತದೆ.