ಕಂಠ ಮೊದಲೇ ಇತ್ತು

2009ರ ಏಪ್ರಿಲ್‌ನಲ್ಲಿ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಎಂಬ ಟಿ.ವಿ. ಸ್ಪರ್ಧೆಯಲ್ಲಿ ಸ್ಕಾಟ್ಲೆಂಡಿನ ಸೂಸನ್ ಬಾಯ್ಲ್ ತಮಗೆ ನಲವತ್ತೇಳು ಎಂದಾಗ ಸಭೆ ನಕ್ಕಿತು. ಹಾಡತೊಡಗಿದ ಮೇಲೆ ಅದೇ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇ 30ರ ಅಂತಿಮ ಸುತ್ತಿನಲ್ಲಿ ಗೆದ್ದದ್ದು ‘ಡೈವರ್ಸಿಟಿ’ ಎಂಬ ನೃತ್ಯತಂಡ. ಸೂಸನ್‌ಗೆ ಎರಡನೆಯ ಸ್ಥಾನ. ಆದರೆ ನವೆಂಬರ್‌ನಲ್ಲಿ ಬಂದ ಅವರ ಮೊದಲ ಆಲ್ಬಂ ‘ಐ ಡ್ರೀಮ್ಡ್ ಎ ಡ್ರೀಮ್’ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ನಾಲ್ಕು ಲಕ್ಷ, ಅಮೆರಿಕದಲ್ಲಿ ಏಳು ಲಕ್ಷ ಪ್ರತಿ ದಾಟಿತು.

ಜನ ಇದನ್ನು ಪವಾಡವೆಂದರು. ನನಗೆ ಹಾಗೆನಿಸುವುದಿಲ್ಲ. ಸೂಸನ್ ಚರ್ಚಿನಲ್ಲಿ ಹಾಡುತ್ತಲೇ ಇದ್ದರು. 1999ರಲ್ಲಿ ಧರ್ಮಾರ್ಥ ಸಿ.ಡಿ.ಯೊಂದಕ್ಕೂ ಹಾಡಿದ್ದರು, ಅದರ ಪ್ರತಿಗಳು ಬರೀ ಒಂದು ಸಾವಿರ.

ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿದೆ ಎಂದು ಚಿಕ್ಕಂದಿನಲ್ಲಿ ಅವರ ಬಗ್ಗೆ ಹೇಳಿದ್ದರಂತೆ. ಶಾಲೆಯಲ್ಲಿ ಮಕ್ಕಳು ಹಂಗಿಸಿದರು. ಅದು ಆಸ್ಪರ್ಜರ್ ಲಕ್ಷಣವೆಂದೂ ತಮ್ಮ ಬುದ್ಧಿಶಕ್ತಿ ಸರಾಸರಿಗಿಂತ ಹೆಚ್ಚೆಂದೂ ವೈದ್ಯರು ತಿಳಿಸಿದ್ದನ್ನು ಸೂಸನ್ 2013ರಲ್ಲಿ ಹೇಳಿಕೊಂಡರು. ಆಗ ಅವರಿಗೆ ಐವತ್ತೆರಡು.

ಪಾಠ ಹೇಳುವ ನನ್ನನ್ನು ಕಾಡುವುದು ಈ ಲೆಕ್ಕವೇ. ‘ದಡ್ಡಿ’ ಎಂಬ ಮಾತನ್ನು ಯಾವ ಹಾಜರಿ ಪುಸ್ತಕದಲ್ಲೂ ಬರೆಯುವುದಿಲ್ಲ. ಆದರೂ ಅದು ಹಿಂದಿನ ಬೆಂಚಿನ ಮಗುವಿಗೆ ಅಂಟಿಕೊಂಡುಬಿಡುತ್ತದೆ. ಸೂಸನ್ ತಡವಾಗಿ ಹಾಡಲಿಲ್ಲ. ನಾವು ತಡವಾಗಿ ಕೇಳಿಸಿಕೊಂಡೆವು.