ಕಂಬಕ್ಕೆ ಕಟ್ಟಿದ ಡಯಾನಾ

ಪಾಂಡವಪುರದ ನಮ್ಮ ತೊಟ್ಟಿಮನೆಯಲ್ಲಿ ಬೇಸಿಗೆಯ ರಜೆ ಬಂತೆಂದರೆ ಅಣ್ಣಂದಿರ ಆಟ ಒಂದೇ. 1964ರಲ್ಲಿ ಮುಂಬಯಿಯಿಂದ ಹೊರಡತೊಡಗಿದ ಇಂದ್ರಜಾಲ ಕಾಮಿಕ್ಸಿನ ಹಳೆಯ ಸಂಚಿಕೆಗಳು ಹೇಗೋ ನಮ್ಮ ಮನೆಯನ್ನೂ ಸೇರಿದ್ದವು. ದೊಡ್ಡಣ್ಣ ಫ್ಯಾಂಟಮ್, ಚಿಕ್ಕಣ್ಣ ಕಡಲ್ಗಳ್ಳ, ನಾನು ಡಯಾನಾ. ಬಾವಿಯ ಹಗ್ಗದಿಂದ ಕಂಬಕ್ಕೆ ಕಟ್ಟಿಸಿಕೊಂಡು, ದೊಡ್ಡಣ್ಣ ಬಂದು ಬಿಡಿಸುವವರೆಗೆ ಕೂಗುತ್ತಿರುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಅವರಿಬ್ಬರೂ ನನ್ನನ್ನು ಮರೆತು ನಾಲೆಗೆ ಈಜಲು ಹೋದರು. ಸಂಜೆ ಅಜ್ಜಿ ಬಂದು ಗಂಟು ಬಿಚ್ಚುತ್ತ, "ಇಷ್ಟು ಸಡಿಲವಾಗಿದೆಯಲ್ಲೇ, ನೀನೇ ಬಿಚ್ಚಿಕೊಳ್ಳಬಾರದಾಗಿತ್ತೆ?" ಎಂದಳು. ಹಾಗೆ ಮಾಡಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ.

ಆ ಕಥೆಗಳಲ್ಲಿ ನಿಜವಾಗಿ ಏನಿತ್ತೆಂಬುದನ್ನು ನಾನು ತಿಳಿದದ್ದು ಬಹುಕಾಲದ ಮೇಲೆ. ಲೀ ಫಾಕ್ 1936ರಲ್ಲಿ ಬರೆದ ಮೊದಲ ಫ್ಯಾಂಟಮ್ ಕಥೆಯಲ್ಲಿ ಡಯಾನಾ ಮುಷ್ಟಿಯುದ್ಧ ಬಲ್ಲ ದಿಟ್ಟ ಹೆಣ್ಣು. ಮುಂದೆ ವಿಶ್ವಸಂಸ್ಥೆಯಲ್ಲಿ ದುಡಿದವಳು. ಆದರೂ ನಮ್ಮ ಆಟಕ್ಕೆ ಉಳಿದು ಬಂದದ್ದು ಹಗ್ಗ ಮಾತ್ರ. ಸೂಪರ್‌ಮ್ಯಾನನ ಜೊತೆಗೆ 1938ರಲ್ಲಿ ಹುಟ್ಟಿದ ಲೋಯಿಸ್ ಲೇನ್ ಪತ್ರಕರ್ತೆ. ಅವಳನ್ನೂ ಓದುಗರು ನೆನೆಯುವುದು ಆಕಾಶದಿಂದ ಬಿದ್ದು ವೀರನ ತೋಳು ಸೇರುವವಳಾಗಿ. 1941ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್ ವಂಡರ್ ವುಮನ್ ಎಂಬ ಮಹಾಬಲೆಯನ್ನು ಸೃಷ್ಟಿಸಿದ. ಮರುವರ್ಷವೇ ಬೇರೊಂದು ಕಥೆಯಲ್ಲಿ ವೀರರ ಸಂಘ ಅವಳನ್ನು ಸೇರಿಸಿಕೊಂಡಿತು, ಕಾರ್ಯದರ್ಶಿಯಾಗಿ! ಪುರುಷವೀರರು ಯುದ್ಧಕ್ಕೆ ಹೊರಟರೆ ಅವಳ ಪಾಲಿಗೆ ಸಭೆಯ ನಡವಳಿ ಪುಸ್ತಕ.

ಪರದೇಶದ ಮಾತು ಹಾಗಿರಲಿ. ನಮ್ಮ ಅಮರ ಚಿತ್ರ ಕಥೆಯ ಮೊದಲ ನುಡಿಯೇ ಕನ್ನಡ. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಚಿತ್ರಗಳೊಡನೆ ಕನ್ನಡದಲ್ಲಿ ತಂದರು. ಆ ಹತ್ತು ಪುಸ್ತಕಗಳ ಮುಂದಿನದಾದ್ದರಿಂದಲೇ ಕಾರ್ಕಳದ ಅನಂತ ಪೈ ಅವರ 'ಕೃಷ್ಣ' ಹನ್ನೊಂದನೆಯ ಸಂಖ್ಯೆ ಪಡೆಯಿತು. ಮೊದಲ ಹತ್ತರಲ್ಲಿ ಸಿಂಡ್ರೆಲಾ ಇದ್ದಳು, ರಾಜಕುಮಾರನಿಗಾಗಿ ಮಲಗಿದ್ದ ಸುಂದರಿ ಇದ್ದಳು. ಅನಂತರ ಸಾವಿತ್ರಿ, ಪದ್ಮಿನಿ, ಝಾನ್ಸಿಯ ರಾಣಿಯರು ಬಂದರು. ಗೌರವಕ್ಕೆ ಅವರು ಅರ್ಹರೇ. ಆದರೆ ಹೆಣ್ಣು ಚೌಕಟ್ಟಿನ ನಡುವೆ ನಿಲ್ಲಬೇಕಾದರೆ ಪತಿಯನ್ನು ಬದುಕಿಸಬೇಕು, ಚಿತೆ ಏರಬೇಕು, ಇಲ್ಲವೆ ಕುದುರೆ ಏರಬೇಕು.

ನಾಗಮಂಗಲದಲ್ಲಿ ಪಾಠ ಹೇಳುತ್ತಿದ್ದಾಗ ಇದನ್ನು ಪ್ರಸ್ತಾಪಿಸಿದೆ. ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು, "ಹಾಗಾದರೆ ಕೈಗೆ ಕತ್ತಿ ಬಂದರೆ ಮಾತ್ರ ನಮ್ಮ ಚಿತ್ರ ಬರೆಯುತ್ತಾರೆಯೆ, ಮೇಡಂ?" ಎಂದಳು. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಚಿತ್ರದಲ್ಲಿ ಕಥೆ ಹೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಕೆ. ಆರ್. ಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಪ್ರದಕ್ಷಿಣೆ ಬಂದರೆ ರಾಮಾಯಣ, ಭಾರತ, ಭಾಗವತಗಳನ್ನು ಕಲ್ಲಿನ ಪಟ್ಟಿಕೆಯಲ್ಲೇ ಓದಬಹುದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ತುಂಬ 1780ರ ಪೊಳ್ಳಿಲೂರು ಕದನವಿದೆ: ಸಾಲು ಕುದುರೆ, ಆನೆ, ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ. ನಿವೃತ್ತಳಾದ ಮೇಲೆ ಒಮ್ಮೆ ಆ ಗೋಡೆಯ ಮುಂದೆ ನಿಂತಾಗ ಆ ಹುಡುಗಿಯ ಪ್ರಶ್ನೆ ನೆನಪಾಯಿತು.

ಏಕೆಂದರೆ ಆ ಕದನದ ಕಾಲಕ್ಕೆ ಅದೇ ಶ್ರೀರಂಗಪಟ್ಟಣದಲ್ಲಿ ರಾಣಿ ಲಕ್ಷ್ಮಮ್ಮಣ್ಣಿಯವರಿದ್ದರು. ಪತಿ ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡಿದ್ದರು. ಅಧಿಕಾರ ಹೈದರನ ಕೈಯಲ್ಲಿತ್ತು. ಆಕೆ ಕಾವಲಿನ ಕಣ್ಣು ತಪ್ಪಿಸಿ ಪ್ರಧಾನ ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಸಂಧಾನ ನಡೆಸಿದರು. 1782ರಲ್ಲಿ ಒಪ್ಪಂದವೂ ಆಯಿತು. ಫಲ ದೊರೆತದ್ದು 1799ರಲ್ಲಿ, ಐದು ವರ್ಷದ ಮುಮ್ಮಡಿ ಕೃಷ್ಣರಾಜರು ಪಟ್ಟವೇರಿದಾಗ. ಇಂಗ್ಲಿಷರ ನೆರವು ಬೇಡಿದ್ದು ಸರಿಯೆ ಎಂಬ ವಾದ ಬೇರೆ. ಟಿಪ್ಪುವಿನ ಹೋರಾಟವನ್ನು ಮೆಚ್ಚುವವರು ಅದನ್ನು ಒಪ್ಪಲಾರರು. ನಾನು ಹೇಳುತ್ತಿರುವುದು ಆ ಮೂವತ್ತಮೂರು ವರ್ಷಗಳ ಎದೆಗಾರಿಕೆಯ ಮಾತು. ಪತ್ರ, ನಂಬಿಕಸ್ಥ ದೂತ, ಸೋತ ಯತ್ನ, ಮತ್ತೊಂದು ಪತ್ರ. ಇದನ್ನು ಯಾವ ಗೋಡೆಯ ಮೇಲೆ ಬರೆಯುವುದು?

ಚಿತ್ರಕಥೆಯಲ್ಲಿ ಒಂದು ಚೌಕಕ್ಕೂ ಮುಂದಿನದಕ್ಕೂ ನಡುವೆ ಬಿಳಿಯ ಪಟ್ಟಿಯೊಂದಿರುತ್ತದೆ. ಮೊದಲ ಚೌಕದಲ್ಲಿ ಗುದ್ದು, ಎರಡನೆಯದರಲ್ಲಿ ಜಯ. ನಡುವೆ ಕಳೆದ ಕಾಲವನ್ನು ಓದುಗನೇ ಊಹಿಸಿಕೊಳ್ಳಬೇಕು. ಲಕ್ಷ್ಮಮ್ಮಣ್ಣಿಯವರ ಮೂವತ್ತಮೂರು ವರ್ಷ ಆ ಬಿಳಿಯ ಪಟ್ಟಿಯಲ್ಲಿದೆ. ಡಯಾನಾಳ ಕೈಗೆ ಮುಷ್ಟಿಬಲ ಮರಳಿಸಿದರೆ ನನಗೂ ಸಂತೋಷವೇ. ಆದರೆ ಸ್ತ್ರೀದೃಷ್ಟಿಯ ಓದು ಅಲ್ಲಿಗೇ ನಿಲ್ಲಲಾಗದು. ಯಾವುದನ್ನು ಸಾಹಸವೆಂದು ಎಣಿಸುತ್ತೇವೆ ಎಂಬುದನ್ನೇ ಅದು ಕೇಳಬೇಕು. ನಾಗಮಂಗಲದ ಆ ಹುಡುಗಿ ಎಲ್ಲಿದ್ದಾಳೋ ಕಾಣೆ. ತಡವಾಗಿ ಬಂದ ಈ ಉತ್ತರ ಅವಳಿಗೆ.

ಅಂದು ಹಗ್ಗ ಬಿಚ್ಚಿದವಳು ನಮ್ಮಜ್ಜಿ. ಆ ಆಟದಲ್ಲಿ ಅವಳಿಗೆ ಯಾವ ಪಾತ್ರವನ್ನೂ ನಾವು ಕೊಟ್ಟಿರಲಿಲ್ಲ. ಹಗ್ಗವನ್ನು ಸುರುಳಿ ಸುತ್ತಿ ಬಾವಿಯ ಬಳಿ ಇಟ್ಟು, ಅವಳು ದೀಪ ಹಚ್ಚಲು ಒಳಗೆ ಹೋದಳು.