ಮೇಷ್ಟರ ಪುಸ್ತಕ ಎಲ್ಲಿದೆ?

ದಂಡಿನಶಿವರದ ಸುತ್ತಲಿನ ತೆಂಗಿನ ಸೀಮೆ ಕೊಬ್ಬರಿಗೆ ಹೆಸರಾದದ್ದು. ಮೇಷ್ಟರಿಗೂ ಹೆಸರಾಗಬೇಕಿತ್ತು. ಬಿ.ಎಂ.ಶ್ರೀ. 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ.ನಂ.ಶ್ರೀ. 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಕನ್ನಡ ಪಾಠ ಹೇಳಿದರು. ಇಬ್ಬರೂ ಪುಸ್ತಕ ಬರೆದರು. ಇಂಥ ಅಧ್ಯಾಪಕರ ಪುಸ್ತಕಗಳು ಅವರದೇ ಸಂಸ್ಥೆಯ ಗ್ರಂಥಾಲಯ ಸೇರುವುದು ಹೇಗೆ?

ತಾವಾಗಿಯೇ ಸೇರುತ್ತವೆಂದು ನಂಬುವವರುಂಟು. ಹಾಗೇನಿಲ್ಲ. ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕೆಂದು 1954ರ ಕಾಯ್ದೆ ವಿಧಿಸಿತು. ಲೇಖಕರು ಪಾಠ ಹೇಳುವ ಕಾಲೇಜಿನ ಮಾತು ಅದರಲ್ಲಿಲ್ಲ. ಗ್ರಂಥಪಾಲಕರು ಕೊಳ್ಳಬೇಕು, ಇಲ್ಲವೇ ಮೇಷ್ಟರೇ ಕೊಡಬೇಕು. ಇವರಿಗೆ ಪುಕ್ಕಟೆ ಕೇಳಲು ಸಂಕೋಚ, ಅವರಿಗೆ ಕೇಳದೆ ಕೊಡಲು ಸಂಕೋಚ!

ಬಂದ ಮೇಲೂ ತೊಡಕು ತಪ್ಪದು. ಪುಸ್ತಕ ಜೋಡಿಸುವುದು ವಿಷಯವಾರು. ತೀ.ನಂ.ಶ್ರೀ. ಅವರ ಕವನಗಳ ‘ಒಲುಮೆ’ ಒಂದು ಕಪಾಟಿನಲ್ಲಿದ್ದರೆ, 1953ರ ‘ಭಾರತೀಯ ಕಾವ್ಯಮೀಮಾಂಸೆ’ ಮತ್ತೊಂದರಲ್ಲಿ. ಲೇಖಕರ ಹೆಸರಿನ ಸೂಚಿ ಎರಡನ್ನೂ ಒಟ್ಟಿಗೆ ತೋರಿಸೀತು. ಆದರೆ ಲೇಖಕರು ಇದೇ ಸಂಸ್ಥೆಯಲ್ಲಿ ಪಾಠ ಹೇಳಿದವರೆಂದು ಅದು ಹೇಳದು. ಅದಕ್ಕಾಗಿಯೇ ಕೆಲವು ಗ್ರಂಥಾಲಯಗಳು ಅಧ್ಯಾಪಕರ ಕೃತಿಗಳಿಗೆ ಪ್ರತ್ಯೇಕ ಕಪಾಟು ಇಟ್ಟು, ಎರಡನೆಯ ಪ್ರತಿಯನ್ನು ಮಾತ್ರ ಎರವಲು ಕೊಡುತ್ತವೆ. ತೀ.ನಂ.ಶ್ರೀ. ಧಾರವಾಡದಲ್ಲೂ ಪಾಠ ಹೇಳಿದವರು. ಹಾಗಾದರೆ ಅವರು ಯಾರ ಪಾಲು? ಎರಡೂ ಕಡೆಯವರು ಇಟ್ಟುಕೊಂಡರೆ ನಷ್ಟವೇನಿಲ್ಲ.

ನಷ್ಟವಾಗುವುದು ಬೇರೆ ಕಡೆ. ಮರುಮುದ್ರಣ ಬಂದಾಗ ಹಳೆಯದನ್ನು ಜೀರ್ಣವಾಯಿತೆಂದು ತೆಗೆದುಹಾಕುವುದುಂಟು. ಲೇಖಕರೇ ಸಹಿ ಮಾಡಿ, ಅಚ್ಚಿನ ತಪ್ಪು ತಿದ್ದಿ ಕೊಟ್ಟ ಪ್ರತಿಯೂ ಆ ರಾಶಿಯಲ್ಲೇ ಹೋದೀತು. ರಿಜಿಸ್ಟರಿನಲ್ಲಿ ಅದರ ಹೆಸರಿನ ಮುಂದೆ ‘ನಮ್ಮ ಅಧ್ಯಾಪಕರದು’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರೆ, ತೆಗೆಯುವವರ ಕೈ ಅಲ್ಲೇ ನಿಲ್ಲುತ್ತಿತ್ತು.